ಎಫ್ ಎಫ್ ಎಲ್ ಎಂಬ ಮಹಾಶಯರು

ಮೇಸ್ತ್ರಿಗೆ ಪಾಠ ಹೇಳುವ ಕೆಲಸ ಸಿಕ್ಕಿದ್ದು ಮಂಡಿಗಳ ದೆಸೆಯಿಂದ. ಮೂವತ್ತೊಂದು ವರ್ಷ ಕುಕ್ಕರುಗಾಲಲ್ಲಿ ಕೂತು ಕಲ್ಲು, ಇಟ್ಟಿಗೆ, ಗಾರೆ ಎಂದು ದುಡಿದ ಎರಡೂ ಮಂಡಿಗಳು ಒಂದೇ ಚಳಿಗಾಲದಲ್ಲಿ ಕೈ ಎತ್ತಿಬಿಟ್ಟವು. ಮಂಡಿಗೆ ಕೈ ಎಲ್ಲಿಂದ ಬಂತು ಎಂದು ಕೇಳಬೇಡಿ. ಅವರ ಹೆಂಡತಿ ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದುದೇ ಹಾಗೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, "ಇನ್ಮೇಲೆ ಕುರ್ಚಿ ಮೇಲೆ ಕೂತು ಮಾಡೋ ಕೆಲಸ ನೋಡ್ಕೊಳ್ಳಿ" ಎಂದರು. ಕುರ್ಚಿಯ ಮೇಲೆ ಕೂತು ಗೋಡೆ ಕಟ್ಟುವ ಕೆಲಸ ಎಲ್ಲಾದರೂ ಇದೆಯೇ?

ಇತ್ತು. ಮನೆಯಿಂದ ಎರಡು ಬೀದಿ ಆಚೆ ಕಟ್ಟಡ ಕೆಲಸ ಮತ್ತು ವಿನ್ಯಾಸ ಕಲಿಸುವ ತರಬೇತಿ ಕೇಂದ್ರವೊಂದಿತ್ತು. ಅಲ್ಲಿ ಆ ವರ್ಷ ಹೊಸ ಪದ್ಧತಿ: ಪುಸ್ತಕ ಓದಿದವರಷ್ಟೇ ಅಲ್ಲ, ಕೆಲಸ ಮಾಡಿದವರೂ ಪಾಠ ಹೇಳಬೇಕು. ಬೆಳಗ್ಗೆ ಸ್ವಂತ ಆಫೀಸು ನಡೆಸುವ ಒಬ್ಬ ಡಿಸೈನರು ಬಂದು ನಕ್ಷೆ ಬಿಡಿಸುವುದನ್ನು ಕಲಿಸುತ್ತಿದ್ದರು. ಅವರನ್ನು ಎಲ್ಲರೂ ಡ್ರಾಯಿಂಗ್ ಮೇಡಂ ಎನ್ನುತ್ತಿದ್ದರು. ಮಧ್ಯಾಹ್ನ ಮೇಸ್ತ್ರಿಯ ಸರದಿ. ಮೂರು ತಿಂಗಳು ಪರೀಕ್ಷಾರ್ಥ. ಆಮೇಲೆ ಪ್ರಿನ್ಸಿಪಾಲರು ಒಪ್ಪಿ ಸಹಿ ಹಾಕಿದರೆ ಕಾಯಂ. ಹಾಕದಿದ್ದರೆ ಮತ್ತೆ ಸೈಟು, ಮತ್ತೆ ಕುಕ್ಕರುಗಾಲು.

"ಮೇಸ್ತ್ರಿ ಮೇಷ್ಟ್ರಾಗೋಕೆ ಮೂವತ್ತೊಂದು ವರ್ಷ ಬೇಕಾಯ್ತು ನೋಡಿ" ಎಂದು ಹೆಂಡತಿ ನಕ್ಕರು. ಆದರೆ ಮೊದಲ ದಿನ ಹೊರಡುವಾಗ ಇಸ್ತ್ರಿ ಮಾಡಿದ ಅಂಗಿಯ ಕಾಲರನ್ನು ಸರಿಮಾಡಿ, "ಜಾಸ್ತಿ ರೇಗಬೇಡಿ. ಅವರು ನಿಮ್ಮ ಕೂಲಿಯವರಲ್ಲ" ಎಂದೂ ಹೇಳಿದರು.

ರೇಗದೆ ಇರುವುದು ಹೇಗೆ? ತರಗತಿಯಲ್ಲಿ ಒಂಬತ್ತು ಜನ. ಒಬ್ಬಳ ಸೊಂಟದಲ್ಲಿ ಸದಾ ಅಳತೆಯ ಟೇಪು. ಬಾಗಿಲು, ಬೆಂಚು, ಸ್ನೇಹಿತೆಯ ಜಡೆ, ಎದುರಿಗೆ ಬಂದದ್ದನ್ನೆಲ್ಲ ಅಳೆಯುವಳು. ಅವಳನ್ನು ಎಲ್ಲರೂ ಟೇಪಮ್ಮ ಎಂದೇ ಕರೆಯುತ್ತಿದ್ದರು. ಇನ್ನೊಬ್ಬನಿಗೆ ಪ್ರತಿಯೊಂದಕ್ಕೂ ವಾದ ಬೇಕು, ಅವನು ವಕೀಲ. ಉಳಿದವರು ಏನು ಹೇಳಿದರೂ ಬರೆದುಕೊಳ್ಳುವ ಜಾತಿಯವರು. ಮೇಸ್ತ್ರಿ ಕರಣೆ ಹಿಡಿದು, "ಗಾರೆ ಹೀಗೆ ಜಾರಬೇಕು, ಬೀಳಬಾರದು" ಎಂದು ತೋರಿಸಿದರೆ ಒಂಬತ್ತು ತಲೆಗಳೂ ಕೆಳಗೆ ಬಾಗಿ, "ಗಾರೆ ಜಾರಬೇಕು, ಬೀಳಬಾರದು" ಎಂದು ಬರೆದುಕೊಂಡವು. ಗಾರೆಯನ್ನು ಒಬ್ಬರೂ ನೋಡಲಿಲ್ಲ.

"ಏನ್ರಪ್ಪಾ, ನಾಳೆ ಗೋಡೆಗೆ ನೋಟ್‌ಬುಕ್ ಮೆತ್ತುತ್ತೀರಾ?" ಎಂದರು ಮೇಸ್ತ್ರಿ.

"ಪರೀಕ್ಷೆಗೆ ಬೇಕಲ್ಲ ಮೇಸ್ತ್ರಿ ಸರ್" ಎಂದ ವಕೀಲ.

ಪ್ರಿನ್ಸಿಪಾಲರದು ಇನ್ನೊಂದು ಬಗೆಯ ಕಾಟ. ಒಳ್ಳೆಯ ಮನುಷ್ಯ, ಆದರೆ ಕಾಗದ ಕಂಡರೆ ಪ್ರಾಣ. ಪ್ರತಿ ವಾರವೂ ಪಾಠ ಯೋಜನೆ ಎಂಬ ನಮೂನೆಯನ್ನು ತುಂಬಿ ಕೊಡಬೇಕು. "ಈ ವಾರದ ಕಲಿಕೆಯ ಉದ್ದೇಶ" ಎಂಬ ಖಾಲಿ ಜಾಗದಲ್ಲಿ ಮೇಸ್ತ್ರಿ "ಮೆಟ್ಟಿಲು" ಎಂದು ಬರೆದುಕೊಟ್ಟರು.

"ಮೆಟ್ಟಿಲು ಅನ್ನೋದು ವಸ್ತು ಮೇಸ್ತ್ರಿಗಳೇ, ಉದ್ದೇಶ ಅಲ್ಲ."

"ಹತ್ತೋದು ಅಂತ ಬರೀಲಾ ಸಾರ್?"

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು.

ಮೆಟ್ಟಿಲೇ ಆ ಅವಧಿಯ ಪಾಠವೂ ಹೌದು, ಪರೀಕ್ಷೆಯೂ ಹೌದು. ಕೇಂದ್ರದ ಹಿಂಬದಿಯ ಶೆಡ್ಡಿನಿಂದ ಮೇಲಿನ ಹಾಲಿಗೆ ಹೋಗಲು ಹತ್ತು ವರ್ಷದಿಂದ ಒಂದು ಕಬ್ಬಿಣದ ಏಣಿಯಿತ್ತು. ಅದರ ಪಕ್ಕದಲ್ಲಿ ಕಾಂಕ್ರೀಟಿನ ಮೆಟ್ಟಿಲು ಕಟ್ಟಬೇಕು, ಅದು ಪಾಸಾದ ಮೇಲೆ ಏಣಿ ಕೀಳಬೇಕು. ನಕ್ಷೆ ಡ್ರಾಯಿಂಗ್ ಮೇಡಂ ಅವರದು, ಉಸ್ತುವಾರಿ ಮೇಸ್ತ್ರಿಯದು, ಕೈಗಳು ವಿದ್ಯಾರ್ಥಿಗಳವು. ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು ಹತ್ತಿ ನೋಡಿ ಅಂಕ ಹಾಕುವರು. ಮೆಟ್ಟಿಲು ಪಾಸಾದರೆ ಒಂಬತ್ತು ಜನವೂ ಪಾಸು, ಮೇಸ್ತ್ರಿಯೂ ಪಾಸು.

ಪ್ರಿನ್ಸಿಪಾಲರು ಎರಡು ಷರತ್ತು ಹಾಕಿದ್ದರು. ಒಂದು, ಮೇಸ್ತ್ರಿ ತಾವೇ ಕೈ ಹಾಕಿ ಮಾಡಬಾರದು. ಹುಡುಗರು ಮಾಡಿ ಕಲಿಯಬೇಕು. ಇನ್ನೊಂದು, ಎಲ್ಲವೂ ಡ್ರಾಯಿಂಗ್ ಪ್ರಕಾರವೇ ಆಗಬೇಕು. "ಸೈಟಲ್ಲಿ ನೀವು ಅಂದಾಜಲ್ಲಿ ಏನೇನೋ ಮಾಡ್ತೀರಂತೆ. ಇಲ್ಲಿ ಅದು ಬೇಡ. ಡ್ರಾಯಿಂಗ್ ನಂಬೋದನ್ನ ಕಲಿಸಿ."

ಈ ಎರಡನೇ ಷರತ್ತಿನಲ್ಲೇ ಇದ್ದದ್ದು ಮುಳ್ಳು. ಮೇಸ್ತ್ರಿಗೆ ನಕ್ಷೆಯ ಗೆರೆಗಳು ಅರ್ಥವಾಗುತ್ತಿದ್ದವು. ಗೋಡೆ, ಬಾಗಿಲು, ಕಂಬ ಯಾವುದೂ ಅವರಿಂದ ಬಚ್ಚಿಟ್ಟುಕೊಳ್ಳಲು ಆಗುತ್ತಿರಲಿಲ್ಲ. ಮಿಲಿಮೀಟರನ್ನೂ ಬಾಯಲ್ಲೇ ಇಂಚಿಗೆ ತಿರುಗಿಸುತ್ತಿದ್ದರು. ಆದರೆ ಗೆರೆಗಳ ಪಕ್ಕದಲ್ಲಿ ಇರುವೆ ಸಾಲಿನಂತೆ ಬರೆದಿರುತ್ತಿದ್ದ ಇಂಗ್ಲಿಷ್ ಅಕ್ಷರಗಳಿವೆಯಲ್ಲ, ಅವು ಮಾತ್ರ ಅವರಿಗೆ ಇರುವೆ ಸಾಲೇ. ಒಂದೊಂದು ಅಕ್ಷರವನ್ನು ಗುರುತಿಸಬಲ್ಲರು, ಕೂಡಿಸಿ ಓದಲಾರರು. ಸೈಟಿನಲ್ಲಿ ಅದರಿಂದ ತೊಂದರೆಯಾಗಿರಲಿಲ್ಲ. ಅಲ್ಲಿ ಇಂಜಿನಿಯರು ಬಂದು ಗೋಡೆಗೆ ಒಂದು ಕೆಂಪು ಗುರುತು ಹಾಕಿ, "ಇಲ್ಲಿಂದ ಹಿಡೀರಿ" ಎಂದರೆ ಮುಗಿಯಿತು. ಇಲ್ಲಿ ಗುರುತು ಹಾಕುವವರು ಮೇಸ್ತ್ರಿಯೇ. ತನಗೆ ಓದಲು ಬರುವುದಿಲ್ಲ ಎಂದು ಅವರು ಯಾರಿಗೂ ಹೇಳಿರಲಿಲ್ಲ. ಒಂಬತ್ತು ಜನ "ಸರ್" ಎನ್ನುವಾಗ ಹೇಳುವುದಾದರೂ ಹೇಗೆ?

ಮೇಡಂ ಕೊಟ್ಟ ನಕ್ಷೆಯಲ್ಲಿ ಕೆಳಗಿನ ನೆಲದ ಗೆರೆಯ ಪಕ್ಕ ಒಂದು ಸೊನ್ನೆ, ಅದರ ಮುಂದೆ ಮೂರು ಅಕ್ಷರ: ಎಫ್, ಎಫ್, ಎಲ್. ಮೇಲಿನ ನೆಲದ ಪಕ್ಕದಲ್ಲೂ ಅದೇ ಮೂರು. ಮೇಸ್ತ್ರಿ ನೋಡಿ ತಲೆಯಾಡಿಸಿದರು. ಸರಕಾರಿ ಕಾಗದದಲ್ಲಿ ದೊಡ್ಡವರು ಎರಡು ಇನಿಷಿಯಲ್ಲು, ಒಂದು ಹೆಸರಿನ ಮೊದಲಕ್ಷರ ಹಾಕಿ ರುಜು ಮಾಡುವುದಿಲ್ಲವೇ, ಹಾಗೆ ಯಾರೋ ಎಫ್ ಎಫ್ ಎಲ್ ಎಂಬ ಮಹಾಶಯರು ಈ ಮಟ್ಟವನ್ನು ನೋಡಿ ಒಪ್ಪಿದ್ದಾರೆ ಎಂದುಕೊಂಡರು. ಕೆಳಗೂ ಒಪ್ಪಿದ್ದಾರೆ, ಮೇಲೂ ಒಪ್ಪಿದ್ದಾರೆ. ಪಾಪ, ಕಷ್ಟಪಟ್ಟು ಎರಡೂ ಕಡೆ ಬಂದು ನೋಡಿದ್ದಾರೆ.

ಒಂದು ಸಲ ಮಾತ್ರ ಅನುಮಾನದಿಂದ ಮೇಡಂ ಅವರನ್ನು ಕೇಳಿದ್ದರು: "ಮೇಡಂ, ಸೊನ್ನೆ ಅಂದ್ರೆ ನೆಲದ ಮಟ್ಟ ತಾನೆ?"

ಮೇಡಂ ಫೋನಿನಲ್ಲಿದ್ದರು. ಕೈಯಿಂದ ಫೋನಿನ ಬಾಯಿ ಮುಚ್ಚಿ, "ಹೌದು ಮೇಸ್ತ್ರಿಗಳೇ, ನೆಲದ ಮಟ್ಟ. ಇನ್ನೇನು?" ಎಂದು ಹೊರಟುಹೋದರು.

ಶೆಡ್ಡಿನ ನೆಲ ಹತ್ತು ವರ್ಷದಿಂದ ಬರೀ ಕಾಂಕ್ರೀಟು. ನೆಲವೆಂದರೆ ಅದೇ. ಗೋಡೆಗೆ ಗುರುತು ಹಾಕುವ ದಿನ ಮೇಸ್ತ್ರಿ ಟೇಪಮ್ಮನನ್ನು ಕರೆದು, ನೆಲಕ್ಕೆ ಕಾಲಿನ ಹೆಬ್ಬೆರಳು ಒತ್ತಿ ತೋರಿಸಿ, "ಇದು ನಮ್ಮ ಸೊನ್ನೆ. ಇಲ್ಲಿಂದ ಆರಾರು ಇಂಚಿಗೆ ಒಂದೊಂದು ಗೆರೆ ಹೊಡ್ಕೊಂಡು ಹೋಗು. ಹತ್ತೊಂಬತ್ತು ಗೆರೆ. ಇಪ್ಪತ್ತನೇದು ಮೇಲಿನ ಹಾಲೇ" ಎಂದರು. ಅವಳು ಎರಡನೆಯ ಗೆರೆ ಹೊಡೆಯುವಷ್ಟರಲ್ಲಿ ಜವಾನ ಬಂದ: "ಪ್ರಿನ್ಸಿಪಾಲರು ಕರೀತಾರೆ. ಹೋದ ವಾರದ ನಮೂನೆ ತಪ್ಪಿದೆಯಂತೆ."

ಒಂದೂವರೆ ಗಂಟೆ ಆಫೀಸಿನಲ್ಲಿ ಕೂತು "ಆರೋಹಣದ ಪರಿಕಲ್ಪನೆಯನ್ನು ಗ್ರಹಿಸುವುದು" ಎಂದು ಬರೆದುಕೊಟ್ಟು ವಾಪಸು ಬಂದಾಗ ಗೋಡೆಯ ಮೇಲೆ ಹತ್ತೊಂಬತ್ತೂ ಗೆರೆಗಳು ಮುಗಿದಿದ್ದವು. ಕೆಳಗಿನಿಂದ ನೋಡಿದರೆ ಮುತ್ತು ಪೋಣಿಸಿದಂತೆ. ಮೇಲಿನ ತುದಿಗೆ ಹೋಗಿ ಟೇಪು ಇಳಿಬಿಟ್ಟು ನೋಡಬೇಕಿತ್ತು. ಮೂವತ್ತೊಂದು ವರ್ಷವೂ ಮೊದಲು ಮಾಡುತ್ತಿದ್ದುದು ಅದನ್ನೇ. ಆದರೆ ಮೇಲೆ ಹೋಗಲು ಆ ಕಬ್ಬಿಣದ ಏಣಿ, ಇಲ್ಲಿ ಈ ಮಂಡಿ. ಮೇಲಾಗಿ ಎಫ್ ಎಫ್ ಎಲ್ ಒಪ್ಪಿದ್ದಾರೆ. "ಆಯ್ತು, ಹಲಗೆ ಹೊಡೀರಿ" ಎಂದರು.

ಹಲಗೆ ಹೊಡೆದರು, ಕಂಬಿ ಕಟ್ಟಿದರು, ಕಾಂಕ್ರೀಟು ಸುರಿದರು. ಮೇಸ್ತ್ರಿ ಕೆಳಗೆ ಕುರ್ಚಿಯಲ್ಲಿ ಕೂತು ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದರು, ಇಲ್ಲದಿದ್ದರೆ ಅದು ತಾನಾಗಿಯೇ ಎದ್ದು ಕರಣೆ ಹಿಡಿಯುತ್ತಿತ್ತು. ಆಮೇಲೆ ಎರಡು ವಾರ ಮೆಟ್ಟಿಲ ತುಂಬ ಒದ್ದೆ ಗೋಣಿಚೀಲ ಹೊದಿಸಿದ್ದರು. ಗೋಣಿ ತೆಗೆದು ಕೆಳಗಿನ ಆಸರೆಗಳನ್ನು ಬಿಚ್ಚಿದ್ದು ಮಂಗಳವಾರ. ಪರೀಕ್ಷಕರು ಬರುವುದು ಗುರುವಾರ.

"ಮೊದಲು ನೀವು ಹತ್ತಬೇಕು ಸರ್" ಎಂದಳು ಟೇಪಮ್ಮ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೇಸ್ತ್ರಿ ಹತ್ತಿದರು. ಬಲಮಂಡಿ ಪ್ರತಿ ಮೆಟ್ಟಿಲಿಗೂ ಒಂದೇ ಸಮನೆ ಗೊಣಗುತ್ತಿತ್ತು. ಹತ್ತಾಯಿತು, ಹದಿನೈದಾಯಿತು. ಒಂದೇ ಸಮನೆ ಗೊಣಗುವ ಮಂಡಿಯೆಂದರೆ ಒಳ್ಳೆಯ ಮೆಟ್ಟಿಲೆಂದೇ ಅರ್ಥ. ಮೇಸ್ತ್ರಿಗೆ ಎದೆ ತುಂಬಿ ಬಂತು. ಹತ್ತೊಂಬತ್ತರಿಂದ ಹಾಲಿಗೆ ಕಾಲೆತ್ತಿದರು. ಕಾಲು ಅಂಚಿಗೆ ತಗುಲಿತು. ಮೇಸ್ತ್ರಿ ಗೋಡೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತರು.

"ಟೇಪು" ಎಂದರು, ತಿರುಗದೆ.

ಟೇಪಮ್ಮ ಓಡಿ ಬಂದು ಅಳೆದಳು. ಒಂಬತ್ತು ಇಂಚು.

"ಎಲ್ಲ ಆರು, ಇದೊಂದು ಒಂಬತ್ತು! ಗೆರೆ ಹೊಡೆಯೋವಾಗ ನಿಮ್ಮಲ್ಲಿ ಒಬ್ಬರಿಗಾದರೂ ಕಣ್ಣಿಗೆ ಬೀಳಲಿಲ್ವಾ?"

ಟೇಪಮ್ಮನ ಧ್ವನಿ ಇಳಿಯಿತು. "ಬಿತ್ತು ಸರ್. ಮೇಲೆ ಮೂರು ಇಂಚು ಜಾಸ್ತಿ ಬರ್ತಿದೆ ಅಂತ ಇವನಿಗೆ ಹೇಳಿದೆ."

ಎಲ್ಲರೂ ವಕೀಲನತ್ತ ತಿರುಗಿದರು. ವಕೀಲ ಹಿಂಜರಿಯಲಿಲ್ಲ. "ನಾವು ಡ್ರಾಯಿಂಗ್ ಪ್ರಕಾರವೇ ಮಾಡಿದ್ದೀವಿ ಸರ್. ನಮ್ಮದು ಸರಿ ಇತ್ತು. ಕಟ್ಟಡ ತಪ್ಪಿರಬೇಕು ಅಂದೆ."

"ಕಟ್ಟಡ ತಪ್ಪಿರಬೇಕು?"

"ಡ್ರಾಯಿಂಗ್ ನಂಬಿ ಅಂತ ನೀವೇ ಹೇಳಿದ್ದು ಸರ್."

ಮೇಸ್ತ್ರಿ ಅಲ್ಲಿಯೇ ಹಾಲಿನ ಅಂಚಿನಲ್ಲಿ ಕುಸಿದು ಕೂತರು. ಪ್ರಿನ್ಸಿಪಾಲರು ಹೇಳಿಸಿದ ಮಾತೇ ಆದರೂ ಹೇಳಿದ್ದು ನಿಜ.

ಸುದ್ದಿ ತಿಳಿದು ಡ್ರಾಯಿಂಗ್ ಮೇಡಂ ಹೆಲ್ಮೆಟ್ಟನ್ನೂ ತೆಗೆಯದೆ ಬಂದರು. ಮೆಟ್ಟಿಲನ್ನು ನೋಡಿದರು, ನೆಲವನ್ನು ನೋಡಿದರು. "ಸೊನ್ನೆ ಎಲ್ಲಿಂದ ಹಿಡಿದಿದ್ದೀರಿ?"

"ನೆಲದಿಂದ. ನೀವೇ ಅಂದ್ರಲ್ಲ ನೆಲದ ಮಟ್ಟ ಅಂತ" ಎಂದರು ಅಷ್ಟರಲ್ಲಿ ಕೆಳಗಿಳಿದಿದ್ದ ಮೇಸ್ತ್ರಿ.

"ಈ ನೆಲದಿಂದ ಅಲ್ಲ! ರಜೆಯಲ್ಲಿ ಇಲ್ಲಿ ಕಲ್ಲಿನ ಚಪ್ಪಡಿ ಹಾಕ್ತಾರೆ, ಗಾರೆ ಸೇರಿ ಮೂರು ಇಂಚು ಮೇಲೆ ಬರುತ್ತೆ. ಅಲ್ಲಿಂದ ಸೊನ್ನೆ. ಸ್ಪಷ್ಟವಾಗಿ ಬರೆದಿದ್ದೀನಲ್ಲ, ಎಫ್ ಎಫ್ ಎಲ್ ಅಂತ!"

ಮೇಸ್ತ್ರಿಯ ತಾಳ್ಮೆಯ ಕಟ್ಟೆ ಒಡೆಯಿತು. "ಹಾಗಾದ್ರೆ ಅವರನ್ನೇ ಕರೆಸಿ ಮೇಡಂ! ನೋಡಿ ರುಜು ಹಾಕಿದ್ದಾರಲ್ಲ, ಎರಡೂ ಕಡೆ. ಬಂದು ಹೇಳಲಿ ನನ್ನ ಮುಖ ನೋಡಿ, ಇದು ನೆಲ ಅಲ್ಲ ಅಂತ!"

"ಯಾರನ್ನ ಕರೆಸಲಿ?"

"ಆ ಎಫ್ ಎಫ್ ಎಲ್ ಅವರನ್ನ!"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಕಿಸಕ್ಕೆಂದದ್ದು ಹರಡಿತು. ವಕೀಲ ಗೋಡೆಗೆ ಹಣೆ ಹಚ್ಚಿ ನಕ್ಕ. ಮೇಡಂ ನಗಲಿಲ್ಲ, ಅವರ ಬಾಯಿ ತೆರೆದದ್ದು ತೆರೆದೇ ಇತ್ತು. ಟೇಪಮ್ಮ ಮೆಲ್ಲನೆ ಹೇಳಿದಳು: "ಸರ್, ಅದು ಹೆಸರಲ್ಲ. ಫಿನಿಶ್ಡ್ ಫ್ಲೋರ್ ಲೆವೆಲ್. ಪೂರ್ತಿ ಮುಗಿದ ನೆಲದ ಮಟ್ಟ."

ಮೇಸ್ತ್ರಿಯ ಕಿವಿ ಕೆಂಪಗಾಯಿತು. ಮೂವತ್ತೊಂದು ವರ್ಷ ಸೈಟಿನಲ್ಲಿ ಎಷ್ಟೋ ಜನ ಬೈದಿದ್ದರು, ಯಾರೂ ಹೀಗೆ ನಕ್ಕಿರಲಿಲ್ಲ. ಆದರೆ ಅವರ ತಲೆ ಬೇರೆ ಕಡೆ ಓಡುತ್ತಿತ್ತು.

"ನಿಲ್ಲಿ. ನಗೋದು ಆಮೇಲೆ. ಇದು ನಿಮಗೆಲ್ಲ ಗೊತ್ತಿತ್ತಾ?"

"ಗೊತ್ತು ಸರ್. ಎರಡು ಮಾರ್ಕಿನ ಪ್ರಶ್ನೆ, ಯಾವಾಗಲೂ ಬರುತ್ತೆ" ಎಂದ ವಕೀಲ.

"ಪೂರ್ತಿ ಮುಗಿದ ನೆಲ ಅಂತ ಗೊತ್ತಿತ್ತು?"

"ಹೌದು ಸರ್."

ಮೇಸ್ತ್ರಿ ಕಾಲನ್ನು ಒರಟು ಕಾಂಕ್ರೀಟಿನ ಮೇಲೆ ದಪ್ಪನೆ ಕುಟ್ಟಿದರು, ಧೂಳೆದ್ದಿತು. "ಇದು ಮುಗಿದ ನೆಲಾನಾ? ಒಂಬತ್ತು ಜನ ಇದರ ಮೇಲೇ ನಿಂತಿದ್ರಿ. ನಾನು ಇಲ್ಲಿ ಹೆಬ್ಬೆರಳು ಒತ್ತಿ ಸೊನ್ನೆ ಅಂದಾಗ, ಸರ್, ಈ ನೆಲ ಇನ್ನೂ ಮುಗಿದಿಲ್ಲ ಅಂತ ಒಬ್ಬರಾದರೂ ಬಾಯಿ ಬಿಡಬಾರದಿತ್ತಾ?"

ಟೇಪಮ್ಮ ಸೊಂಟದ ಟೇಪನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುತ್ತಿದ್ದಳು.

"ನನಗೆ ಅಕ್ಷರ ಗೊತ್ತಿರಲಿಲ್ಲ, ನೆಲ ಗೊತ್ತಿತ್ತು. ನಿಮಗೆ ಅಕ್ಷರ ಗೊತ್ತಿತ್ತು, ನೆಲ..." ಎಂದವರು ಅಲ್ಲಿಗೇ ನಿಲ್ಲಿಸಿ ಮೇಡಂ ಕಡೆ ತಿರುಗಿದರು. "ನಿಮಗೆ ಎರಡೂ ಗೊತ್ತಿತ್ತು. ನೀವು ಎಷ್ಟು ಸಲ ಬಂದ್ರಿ ಇಲ್ಲಿಗೆ?"

"ಮಧ್ಯಾಹ್ನದ ಕ್ಲಾಸು ನಿಮ್ಮದು ಮೇಸ್ತ್ರಿಗಳೇ. ನಾನು ಬಂದ್ರೆ ನಿಮ್ಮ ಕೆಲಸದಲ್ಲಿ ಮೂಗು ತೂರಿಸಿದ ಹಾಗಾಗ್ತಿತ್ತು."

"ತೂರಿಸಬೇಕಿತ್ತು!"

ಆ ಸಂಜೆ ಪ್ರಿನ್ಸಿಪಾಲರ ಕೋಣೆಯಲ್ಲಿ ನಾಲ್ವರು ಕೂತರು: ಅವರು, ಮೇಡಂ, ಮೇಸ್ತ್ರಿ, ವಿದ್ಯಾರ್ಥಿಗಳ ಪರವಾಗಿ ವಕೀಲ. ವಕೀಲನಿಗೆ ಆಗಲೇ ಉಪಾಯ ಹೊಳೆದಿತ್ತು. "ಕೊನೇ ಆರು ಎತ್ತರಕ್ಕೆ ಅರ್ಧರ್ಧ ಇಂಚು ಹಂಚಿಬಿಡೋಣ. ಸ್ವಲ್ಪ ಗಾರೆ ಮೆತ್ತಿದ್ರೆ ಆಯ್ತು. ಅರ್ಧ ಇಂಚು ಯಾರ ಕಣ್ಣಿಗೂ ಬೀಳಲ್ಲ."

"ಕಣ್ಣಿಗೆ ಬೀಳಲ್ಲ. ಮನುಷ್ಯ ಬೀಳ್ತಾನೆ" ಎಂದರು ಮೇಸ್ತ್ರಿ. "ಮೊದಲ ಎರಡು ಮೆಟ್ಟಿಲಲ್ಲೇ ಕಾಲು ಲೆಕ್ಕ ಕಲಿತುಬಿಡುತ್ತಪ್ಪ. ಆಮೇಲೆ ಅದು ಕಣ್ಣನ್ನ ಕೇಳೋದೇ ಇಲ್ಲ. ಇನ್ನು ಕೆಳಗೆ? ಚಪ್ಪಡಿ ಬಂದ ಮೇಲೆ ಮೊದಲನೇ ಮೆಟ್ಟಿಲು ಮೂರೇ ಇಂಚು ಉಳಿಯುತ್ತೆ. ಅದು ಮೆಟ್ಟಿಲಲ್ಲ, ಎಡವೋಕೆ ಅಂತ ಇಟ್ಟ ಕಲ್ಲು."

"ಹಾಗಾದ್ರೆ ಎಲ್ಲಾ ಮೆಟ್ಟಿಲ ಮೇಲೂ ಮೂರು ಇಂಚು ಕಾಂಕ್ರೀಟ್ ಹಾಕಿಬಿಡಿ. ಕೆಳಗೂ ಸರಿ, ಮೇಲೂ ಸರಿ" ಎಂದರು ಪ್ರಿನ್ಸಿಪಾಲರು. ತಮಗೂ ಒಂದು ಉಪಾಯ ಹೊಳೆದದ್ದಕ್ಕೆ ಅವರಿಗೆ ಖುಷಿಯಾಗಿತ್ತು.

"ಅಷ್ಟು ಭಾರಕ್ಕೆ ಒಳಗಿನ ಕಂಬಿ ಲೆಕ್ಕ ಹಾಕಿಲ್ಲ ಸರ್" ಎಂದರು ಮೇಡಂ. ಮೇಸ್ತ್ರಿ ತಲೆಯಾಡಿಸಿದರು. ಮೂರು ತಿಂಗಳಲ್ಲಿ ಇಬ್ಬರೂ ಒಂದೇ ಮಾತು ಒಪ್ಪಿದ್ದು ಅದೇ ಮೊದಲು.

ಪ್ರಿನ್ಸಿಪಾಲರು ವಕೀಲನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. "ನೋಡಿ, ಇದನ್ನ ದೊಡ್ಡದು ಮಾಡೋದು ಬೇಡ. ಕಲಿಯೋರು ತಪ್ಪು ಮಾಡ್ತಾರೆ. ಗೆರೆ ಹೊಡೆದದ್ದು ಆ ಟೇಪಿನ ಹುಡುಗಿ ತಾನೆ? ಗುರುತು ಹಾಕೋ ಭಾಗದಲ್ಲಿ ವಿದ್ಯಾರ್ಥಿಗಳಿಂದ ಲೋಪ ಅಂತ ನಾನು ಪರೀಕ್ಷಕರಿಗೆ ಹೇಳ್ತೀನಿ. ಅವಳೊಬ್ಬಳು ಆ ಭಾಗನ ಮುಂದಿನ ಅವಧಿಯಲ್ಲಿ ಮತ್ತೆ ಮಾಡ್ತಾಳೆ. ನಿಮ್ಮ ಕಾಯಂ ಕಾಗದ ನನ್ನ ಮೇಜಿನ ಮೇಲಿದೆ ಮೇಸ್ತ್ರಿಗಳೇ. ಗುರುವಾರ ಸಂಜೆ ಸಹಿ ಹಾಕ್ತೀನಿ. ನೀವು ಸುಮ್ಮನಿದ್ದರೆ ಸಾಕು."

ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು.

ಮನೆಯಲ್ಲಿ ಹೆಂಡತಿ ಬಿಸಿನೀರಿನ ಬಟ್ಟೆಯನ್ನು ಮಂಡಿಗೆ ಒತ್ತುತ್ತ ಎಲ್ಲವನ್ನೂ ಕೇಳಿದರು. ಎಫ್ ಎಫ್ ಎಲ್ ವಿಷಯ ಬಂದಾಗ ಅವರೂ ನಕ್ಕರು, ತಡೆದುಕೊಳ್ಳಲು ನೋಡಿ ಆಗದೆ ನಕ್ಕರು.

"ನೀನೂ ನಗು. ಬಾಕಿ ಉಳಿದವಳು ನೀನೊಬ್ಬಳೇ."

"ಅಲ್ರೀ, ಪತ್ರದಲ್ಲಿ 'ಇಂತಿ' ಅನ್ನೋರು ಯಾರು ಅಂತ ನಮ್ಮಜ್ಜಿ ಕೇಳಿದ ಹಾಗಾಯ್ತು." ಬಟ್ಟೆಯನ್ನು ಹಿಂಡಿ ಮತ್ತೆ ಒತ್ತಿದರು. "ನಿಮಗೆ ಇಂಗ್ಲಿಷ್ ಬರಲ್ಲ ಅಂತ ಇಷ್ಟು ದಿನ ನನಗೊಬ್ಬಳಿಗೇ ಗೊತ್ತಿತ್ತು. ಈಗ ಶೆಡ್ಡಿಗೆಲ್ಲ ಗೊತ್ತಾಯ್ತು. ಇನ್ನೇನು ಉಳೀತು ಮುಚ್ಚಿಡೋಕೆ?"

"ಈ ಮಂಡಿ ಉಳೀತು. ಬಾಯಿ ಬಿಟ್ರೆ ಮತ್ತೆ ಸೈಟಿಗೇ."

ಹೆಂಡತಿ ಬಟ್ಟೆಯನ್ನು ಬಿಸಿನೀರಿನ ಪಾತ್ರೆಗೆ ಹಾಕಿದರು. ಆಮೇಲೆ, "ನಾನು ಹೇಳಿ ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ನಾನು ಹೇಳಿದ್ದು ನೀವು ಯಾವತ್ತು ಕೇಳಿದ್ದೀರಿ?" ಎಂದು ಎದ್ದು ಹೋದರು. ಮೇಸ್ತ್ರಿಗೆ ಇನ್ನೂ ಸಿಟ್ಟು ಬಂತು. ಒಂದು ಸಲಹೆ ಕೊಡಬಾರದೇ, ಧಿಕ್ಕರಿಸಲಿಕ್ಕಾದರೂ?

ಗುರುವಾರ ಪರೀಕ್ಷಕರು ಬಂದರು. ಅರವತ್ತು ದಾಟಿದ ನಿವೃತ್ತ ಇಂಜಿನಿಯರಮ್ಮ. ಸೀರೆಯ ಕೆಳಗೆ ಓಟದ ಬೂಟು. ಯಾರಿಗೂ ನಮಸ್ಕಾರ ಹೇಳುವ ಮೊದಲೇ ಮೆಟ್ಟಿಲ ಕೆಳಗೆ ಬಗ್ಗಿ ಬೆರಳಿಂದ ಕಾಂಕ್ರೀಟನ್ನು ಕುಟ್ಟಿ ನೋಡಿದರು. "ಕೆಲಸ ಗಟ್ಟಿಯಿದೆ" ಎಂದರು. ಒಂಬತ್ತು ಮುಖಗಳೂ ಅರಳಲೋ ಬೇಡವೋ ಎಂದು ನೋಡಿದವು. ಹತ್ತತೊಡಗಿದರು. ಹತ್ತೊಂಬತ್ತರಲ್ಲಿ ನಿಂತುಬಿಟ್ಟರು. ಕಾಲೆತ್ತಲೇ ಇಲ್ಲ.

"ಇದು ಯಾರ ಲೆಕ್ಕ?"

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. "ಗುರುತು ಹಾಕುವಾಗ ವಿದ್ಯಾರ್ಥಿಗಳ ಕಡೆಯಿಂದ ಒಂದು ಸಣ್ಣ ಲೋಪ ಆಗಿದೆ ಮೇಡಂ. ಆ ಭಾಗದ ಜವಾಬ್ದಾರಿ ಇದ್ದ ವಿದ್ಯಾರ್ಥಿನಿ..."

ಟೇಪಮ್ಮ ಒಂದು ಹೆಜ್ಜೆ ಮುಂದೆ ಬಂದಳು, ಕರೆಯದೆಯೇ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಮೇಸ್ತ್ರಿಗೆ ಸುಮ್ಮನಿರಲು ಸುಲಭವಾಗುತ್ತಿತ್ತೋ ಏನೋ. ಅವಳು ಅವರತ್ತ ನೋಡಲೂ ಇಲ್ಲ.

"ಆ ಹುಡುಗಿ ಹೊಡೆದ ಗೆರೆಯಲ್ಲಿ ಕೂದಲೆಳೆ ತಪ್ಪಿಲ್ಲ" ಎಂದರು ಮೇಸ್ತ್ರಿ. ಅವರ ದನಿ ಅವರಿಗೇ ಜಗಳದ ದನಿಯಂತೆ ಕೇಳಿಸಿತು. "ಬೇಕಾದ್ರೆ ಅಳೆದು ನೋಡಿ. ಸೊನ್ನೆ ಇಟ್ಟವನು ನಾನು. ತಪ್ಪು ಜಾಗದಲ್ಲಿ ಇಟ್ಟೆ."

"ಡ್ರಾಯಿಂಗಲ್ಲಿ ಎಫ್ ಎಫ್ ಎಲ್ ಇದೆಯಲ್ಲ, ನೋಡಲಿಲ್ವಾ?"

"ನೋಡಿದೆ. ಯಾರೋ ದೊಡ್ಡ ಮನುಷ್ಯರ ಇನಿಷಿಯಲ್ಲು ಅಂದ್ಕೊಂಡೆ."

ಇಂಜಿನಿಯರಮ್ಮ ಅವರನ್ನೇ ನೋಡಿದರು. ಆಮೇಲೆ ನಗು ತಡೆಯಲಾರದೆ ಆ ಒಂಬತ್ತು ಇಂಚಿನ ಅಂಚಿನ ಮೇಲೆ ಕೂತುಬಿಟ್ಟರು. "ಕೂರೋಕೆ ಚೆನ್ನಾಗಿದೆ ಮಾತ್ರ" ಎಂದರು ಕಣ್ಣೊರೆಸಿಕೊಂಡು. ನಗು ನಿಂತ ಮೇಲೆ ಅವರ ಮುಖ ಬಿಗಿಯಾಯಿತು. "ಡ್ರಾಯಿಂಗ್ ಯಾರದು?"

"ನನ್ನದು" ಎಂದರು ಡ್ರಾಯಿಂಗ್ ಮೇಡಂ.

"ಗುರುತು ಹಾಕೋ ದಿನ ಇಲ್ಲಿದ್ರಾ?"

"ಇಲ್ಲ." ಸ್ವಲ್ಪ ತಡೆದು, "ಅವರು ನನ್ನನ್ನ ಒಂದ್ಸಲ ಕೇಳಿದ್ರು. ನಾನು ಫೋನಲ್ಲಿದ್ದೆ" ಎಂದರು. ಹೇಳಲು ಅವರಿಗೆ ಕಷ್ಟವಾಯಿತೆಂದು ಎಲ್ಲರಿಗೂ ಕಾಣುತ್ತಿತ್ತು.

ಇಂಜಿನಿಯರಮ್ಮ ಎದ್ದು ಕೆಳಗಿಳಿದು ತಮ್ಮ ಕಾಗದಗಳನ್ನು ತೆಗೆದರು. ಗುರುತು ಹಾಕುವ ಭಾಗಕ್ಕೆ ವಿದ್ಯಾರ್ಥಿಗಳಿಗೆ ಪೂರ್ತಿ ಅಂಕ, ಕಾಂಕ್ರೀಟಿಗೂ ಅಷ್ಟೇ. ಮೆಟ್ಟಿಲಿಗೆ ಮಾತ್ರ ಸೊನ್ನೆ. "ಇದನ್ನ ಒಡೆದು ಮತ್ತೆ ಕಟ್ಟಿ. ಕಟ್ಟಿದ ಮೇಲೆ ಬಂದು ಹತ್ತುತ್ತೀನಿ. ಅಲ್ಲಿಯವರೆಗೆ ಯಾರಿಗೂ ಪಾಸ್ ಕಾಗದ ಇಲ್ಲ." ಪ್ರಿನ್ಸಿಪಾಲರ ಕಡೆ ತಿರುಗಿ, "ಗುರುತು ಹಾಕೋ ದಿನ ಇವರನ್ನ ಆಫೀಸಿಗೆ ಕರೆದದ್ದು ಯಾಕಂತೆ?" ಎಂದರು. ಅದು ಅವರಿಗೆ ಹೇಗೆ ಗೊತ್ತಾಯಿತೋ! ವಕೀಲ ಶೆಡ್ಡಿನ ಸೂರು ನೋಡುತ್ತಿದ್ದ.

ಸಂಜೆ ಪ್ರಿನ್ಸಿಪಾಲರು ಕಾಯಂ ಕಾಗದವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಮೇಸ್ತ್ರಿಗೆ ಮತ್ತೆ ಮೂರು ತಿಂಗಳು ಪರೀಕ್ಷಾರ್ಥ. ಅದೂ ಒಂದು ಷರತ್ತಿನ ಮೇಲೆ: ಬೆಳಗಿನ ಡ್ರಾಯಿಂಗ್ ತರಗತಿಯಲ್ಲಿ ಮೇಸ್ತ್ರಿಯೂ ಕೂತು ಕಲಿಯಬೇಕು, ಹಾಜರಿ ಹಾಕಬೇಕು.

"ಈ ವಯಸ್ಸಲ್ಲಿ ಬೆಂಚಿನ ಮೇಲೆ ಕೂರಿಸ್ತೀರಾ ಸಾರ್?"

"ಬೆಂಚು ಕುರ್ಚಿಗಿಂತ ಎತ್ತರ ಇದೆ. ನಿಮ್ಮ ಮಂಡಿಗೂ ಒಳ್ಳೇದು" ಎಂದರು ಪ್ರಿನ್ಸಿಪಾಲರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಮೇಸ್ತ್ರಿ ಎದ್ದು ಹೊರಟೇಬಿಟ್ಟರು. ಗೇಟಿನವರೆಗೆ ಹೋದರು. ಮೂವತ್ತೊಂದು ವರ್ಷ! ತಾವು ಕಟ್ಟಿದ ಮೆಟ್ಟಿಲುಗಳನ್ನು ಒಂದರ ಮೇಲೊಂದು ಇಟ್ಟರೆ ಚಂದ್ರನಿಗೆ ಕೈ ತಗುಲೀತು! ಒಂದು ಸೊನ್ನೆ ತಪ್ಪಿದ್ದಕ್ಕೆ ಮಕ್ಕಳ ಜೊತೆ ಹಾಜರಿ! ಗೇಟಿನ ಬಳಿ ನಿಂತು ಯಾರನ್ನು ಬೈಯಬೇಕೆಂದು ಯೋಚಿಸಿದರು. ಎಲ್ಲರನ್ನೂ ಬೈಯಬಹುದಿತ್ತು, ಒಬ್ಬರನ್ನೂ ಪೂರ್ತಿ ಬೈಯಲಾಗುತ್ತಿರಲಿಲ್ಲ. ಅದೇ ದೊಡ್ಡ ಹಿಂಸೆ.

ಸೋಮವಾರ ಬೆಳಗ್ಗೆ ಅವರು ಕೊನೆಯ ಬೆಂಚಿನಲ್ಲಿ ಕೂತಿದ್ದರು, ವಕೀಲನ ಪಕ್ಕ. ವಕೀಲ ಪೆನ್ಸಿಲು ಕೊಟ್ಟ. ಮೇಡಂ ಹಾಜರಿ ಕರೆಯುವಾಗ ಅವರ ಸರದಿ ಬಂದಾಗ ಏನೆಂದು ಕರೆಯುವುದೋ ತಿಳಿಯದೆ ಒಂದು ಗಳಿಗೆ ತಡೆದು, "ಮೇಸ್ತ್ರಿ ಸರ್" ಎಂದರು. ಮೇಸ್ತ್ರಿ "ಹ್ಞೂಂ" ಎಂದು ಗುರುಗುಟ್ಟಿದರು.

ಮಧ್ಯಾಹ್ನ ಮೇಡಂ ಶೆಡ್ಡಿಗೆ ಬಂದರು. ಇದು ಪ್ರಿನ್ಸಿಪಾಲರು ಅವರಿಗೆ ಹಾಕಿದ್ದ ಷರತ್ತು. ಚಾಣ, ಸುತ್ತಿಗೆ ಹಿಡಿದ ಹುಡುಗರು ಮೇಲಿನಿಂದ ಒಡೆಯುತ್ತ ಬಂದಿದ್ದರು. ಶೆಡ್ಡಿನ ತುಂಬ ಧೂಳು, ಕಿವಿಗಡಚಿಕ್ಕುವ ಸದ್ದು. ಗಟ್ಟಿಯಾದ ಕೆಲಸವನ್ನು ಒಡೆಯುವುದು ಕಟ್ಟುವುದಕ್ಕಿಂತ ಕಷ್ಟ. ಮೇಸ್ತ್ರಿ ಕುರ್ಚಿಯಿಂದ ಎದ್ದು ಟೇಪಿನ ಒಂದು ತುದಿಯನ್ನು ಮೇಡಂ ಕೈಗಿತ್ತು, "ಮೇಲೆ ಹೋಗಿ ಹಾಲಿನ ಅಂಚಿಗೆ ಹಿಡೀರಿ. ನಾನು ಕೆಳಗೆ ನೋಡ್ತೀನಿ" ಎಂದರು.

ಮೇಡಂ ಕಬ್ಬಿಣದ ಏಣಿ ಹತ್ತಿ ಹೋದರು. ಧೂಳಿಗೆ ಕೆಮ್ಮಿದರು.

"ಹಿಡಿದ್ರಾ?"

"ಹಿಡಿದೆ!"

"ಎಲ್ಲಿ ಹಿಡಿದ್ರಿ?"

"ಅಂಚಿಗೆ ಅಂದ್ರಲ್ಲ, ಅಂಚಿಗೇ ಹಿಡಿದಿದ್ದೀನಿ!"

"ಅಂಚಿನ ಮೇಲ್ಗಡೆಯಾ, ಕೆಳಗಡೆಯಾ? ಟೈಲ್ಸಿನ ಮೇಲಾ, ಟೈಲ್ಸಿನ ಅಡಿಗಾ?"

ಟೇಪು ಸ್ವಲ್ಪ ಮೇಲೆ ಹೋಯಿತು, ಸ್ವಲ್ಪ ಕೆಳಗೆ ಬಂತು.

"ಮೇಡಂ?"

"ಒಂದು ನಿಮಿಷ ಇರ್ರೀ" ಎಂದು ಮೇಡಂ ಮೇಲಿಂದ ಕೂಗಿದರು. "ನೋಡ್ತಾ ಇದ್ದೀನಿ!"